ಮುಳ್ಳು ಬೋಳಿಸಿದ ಬೇಸಿಗೆ

ಹೋದ ವಾರ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಸೂಪರ್‌ಮಾರ್ಕೆಟ್ಟೊಂದರಲ್ಲಿ, ಥಾಯ್ಲೆಂಡಿನಿಂದ ಬಂದ ಸೊಪ್ಪಿನ ಕಟ್ಟೊಂದನ್ನು ಮಗಳು ಎತ್ತಿ ಮೂಸಿದಳು. "ಯಕ್, ಅಪ್ಪಾ, ಸ್ಮೆಲ್ಸ್ ಲೈಕ್ ಬಗ್ಸ್" ಎಂದು ನನ್ನ ಮೂಗಿಗೂ ಹಿಡಿದಳು. ಉದ್ದನೆಯ ಎಲೆ, ಅಂಚಿಗೆ ಗರಗಸದಂಥ ಹಲ್ಲು, ಕೊತ್ತಂಬರಿಗಿಂತ ನಾಲ್ಕು ಪಟ್ಟು ಘಾಟು. ಕಾಡು ಕೊತ್ತಂಬರಿ. ಅದರ ವಾಸನೆ ಹತ್ತಿದ್ದೇ ತಡ, ನನಗೆ ಮೈ ಉರಿಯುವಷ್ಟು ಸಿಟ್ಟು ಬಂತು. ಟ್ರಾಲಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಹೆಂಡತಿ ಹಿಂದೆಯೇ ಬಂದು ಏನಾಯಿತು ಎಂದಳು. ಏನಿಲ್ಲ ಎಂದೆ. ೨೦೧೪ರ ಬೇಸಿಗೆ ಎಂದು ರಸ್ತೆಬದಿಯಲ್ಲಿ ನಿಂತು ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ವಾಸನೆಯಿಂದ ಹಳೆಯದೆಲ್ಲ ಎದ್ದು ಬಂತು ಎಂದು ಬರೆಯುವವರ ಮೇಲೆ ನನಗೆ ನಂಬಿಕೆಯಿಲ್ಲ. ಏನೋ ಎದ್ದು ಬರುತ್ತದೆ, ಸರಿ. ಅದು ಆವತ್ತು ನಡೆದದ್ದೇ ಎನ್ನುವುದಕ್ಕೆ ಪುರಾವೆ ಏನು? ಮೈಸೂರಿನಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮಾಡುವಾಗ ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮರೆತಿದ್ದೇನೆ, ಪುರಾವೆ ಕೇಳುವ ಈ ಚಾಳಿ ಮಾತ್ರ ಬಿಟ್ಟಿಲ್ಲ. ನನ್ನ ಮದುವೆಯ ಮಾತುಕತೆಯಲ್ಲೂ ಕೇಳಿ ಸೋದರಮಾವನಿಂದ ಬೈಸಿಕೊಂಡಿದ್ದೇನೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ಯಾವುದು ಖಾತ್ರಿ, ಯಾವುದು ಅಲ್ಲ ಎಂದು ಹೇಳಿಕೊಂಡೇ ಹೋಗುತ್ತೇನೆ.

ಆ ವರ್ಷ ನಾವು ಸಾಕಿದ್ದು ಈ ಕಾಡು ಕೊತ್ತಂಬರಿಯ ದಾಯಾದಿಯನ್ನು. ಹೆಸರು ಎರಿಂಜಿಯಂ ಆಲ್ಪೈನಮ್. ಯುರೋಪಿನ ಆಲ್ಪ್ಸ್ ಪರ್ವತದ ಹುಲ್ಲುಗಾವಲುಗಳಲ್ಲಿ, ವರ್ಷದ ಅರ್ಧ ಭಾಗ ಹಿಮದಡಿ ಮಲಗಿ ಬೇಸಿಗೆಯಲ್ಲಿ ಏಳುವ ಗಿಡ. ಮೊಣಕಾಲಿನೆತ್ತರ. ಕಾಂಡದ ತುದಿಯಲ್ಲಿ ಎಳೆ ಅನಾನಸಿನಂಥ ಹೂಗೊಂಚಲು, ಅದರ ಸುತ್ತ ಸಾಲುಸಾಲು ಮುಳ್ಳಿನ ಕೊರಳಪಟ್ಟಿ. ಮೊದಲು ಹಸಿರು, ಆಮೇಲೆ ಬೂದು, ಕೊನೆಗೆ ಉಕ್ಕಿನ ಮೇಲೆ ಶಾಯಿ ಚೆಲ್ಲಿದಂಥ ನೀಲಿ. ನಮ್ಮ ಕಡೆಯ ಬಯಲಿನ ಬ್ರಹ್ಮದಂಡೆಯನ್ನು ನೋಡಿದವರಿಗೆ ಇದೂ ಅದೇ ಜಾತಿ ಎನ್ನಿಸುತ್ತದೆ. ಅಲ್ಲ. ಇದು ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಮುಳ್ಳು ನೋಡಲು ಭರ್ಜರಿ, ಮುಟ್ಟಿದರೆ ಮೆತ್ತಗೆ. ತುದಿಯಲ್ಲಿ ಒಂದಿಷ್ಟು ಚುರುಕು ಇದೆ, ಅಷ್ಟೇ. ನಮ್ಮ ಅಕೇಶಿಯಾ ಜಾಲಿ ಇದನ್ನು ನೋಡಿದರೆ ನಕ್ಕೀತು.

ಇಂಥ ಗಿಡವನ್ನು ಅಬುಧಾಬಿಗೆ ತರಿಸುವ ಬುದ್ಧಿ ಯಾರಿಗೆ ಬಂತೋ! ಒಂದು ದೊಡ್ಡ ಹೋಟೆಲಿನವರಿಗೆ ಬೇಸಿಗೆಯ ಅತಿಥಿಗಳಿಗಾಗಿ ಲಾಬಿಯೊಳಗೆ ಗಾಜಿನ ಕೋಣೆ ಬೇಕಿತ್ತು, ಅದರಲ್ಲಿ ಪರ್ವತದ ಹುಲ್ಲುಗಾವಲು ಬೇಕಿತ್ತು. ಹೊರಗೆ ನಲವತ್ತಾರು ಡಿಗ್ರಿ, ಒಳಗೆ ಹದಿನೈದು. ಗಿಡ ಪೂರೈಸಿ ನೋಡಿಕೊಳ್ಳುವ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿತು. ಕಚೇರಿ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ; ನಾನು ಸೈಟಿನ ಸಸ್ಯತಜ್ಞನೆಂದು ಹಮ್ದಾನ್ ಸ್ಟ್ರೀಟಿನ ಬಾಡಿಗೆ ಫ್ಲ್ಯಾಟೊಂದರಲ್ಲಿ ಇನ್ನಿಬ್ಬರ ಜೊತೆ ಇದ್ದೆ. ಇಪ್ಪತ್ತೇಳು ವರ್ಷ. ಮ್ಯಾನೇಜರ್ ದಿನೇಶ್ ಬೆಂಗಳೂರಿನವನು. ತೋಟಗಾರರ ಮೇಸ್ತ್ರಿ ಸಿರಿಲ್ ಮಂಗಳೂರಿನ ಹತ್ತಿರದ ಕಿನ್ನಿಗೋಳಿಯವರು, ಐವತ್ತರ ಹತ್ತಿರದವರು. ನಾನು ಅವರನ್ನು ಸಿರಿಲಣ್ಣ ಎನ್ನುತ್ತಿದ್ದೆ.

ಹೀಗೆ ಮೂರು ಮೆಟ್ಟಿಲಲ್ಲೂ ಕನ್ನಡದವರೇ ಇದ್ದದ್ದರಿಂದ ಕಂಪನಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬರೆಯುವುದು ಇಂಗ್ಲಿಷಿನಲ್ಲಿ, ಮಾಡಿಸುವುದು ಕನ್ನಡದಲ್ಲಿ. ಮೇಲ್‌ನಲ್ಲಿ "ದಯವಿಟ್ಟು ಪರಿಶೀಲಿಸಿ" ಎಂಬಂಥ ನಯವಾದ ವಾಕ್ಯ ಇರುತ್ತಿತ್ತು; ಅದರ ಅರ್ಥ ಏನು, ಯಾರು ಏನು ಮಾಡಬೇಕು ಎನ್ನುವುದು ಫೋನಿನಲ್ಲಿ ಕನ್ನಡದಲ್ಲಿ ಬರುತ್ತಿತ್ತು. ನಮಗೆಲ್ಲ ಅದು ಆತ್ಮೀಯತೆ ಎನ್ನಿಸುತ್ತಿತ್ತು. ಪರದೇಶದಲ್ಲಿ ನಮ್ಮ ಭಾಷೆಯಲ್ಲಿ ಕೆಲಸ ಮಾಡುವ ಭಾಗ್ಯ ಎಷ್ಟು ಜನರಿಗಿದೆ ಎಂದು ನಾನೇ ಊರಿಗೆ ಫೋನು ಮಾಡಿ ಕೊಚ್ಚಿಕೊಂಡಿದ್ದೇನೆ. ಮೂರ್ಖ.

ಮೇ ಕೊನೆಯಲ್ಲಿ ಹಾಲೆಂಡಿನ ನರ್ಸರಿಯಿಂದ ನಾಲ್ಕು ನೂರು ಕುಂಡಗಳು ಬಂದವು. ಸಿರಿಲಣ್ಣ ಒಂದನ್ನು ಮಗುಚಿ, ಬೇರು ಬಿಡಿಸಿ, ಮೂಸಿ ನೋಡಿದರು.

"ಇದರ ತಮ್ಮ ನಮ್ಮ ಬಾವಿ ಹತ್ರ ಉಂಟು ಮಾರಾಯ್ರೆ. ಕಾಡು ಕೊತ್ತಂಬರಿ. ಮೀನು ಸಾರಿಗೆ ಹಾಕ್ತೇವೆ."

ಆ ನೆಂಟಸ್ತಿಕೆಯನ್ನು ನನಗೆ ಹೇಳಿಕೊಡಲು ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರ್ ಬೇಕಾಗಿತ್ತು. "ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

"ಮೂಗು ಉಂಟಲ್ಲ ಸರ್. ಅದಕ್ಕೆ ಡಿಗ್ರಿ ಬೇಡ."

ಜೂನ್ ಪೂರ್ತಿ ನಾವು ಆ ಗಾಜಿನ ಕೋಣೆಯಲ್ಲಿ ಜಾಕೆಟ್ ತೊಟ್ಟು ಕೆಲಸ ಮಾಡಿದೆವು. ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಮಂಜು ಕಟ್ಟಿ ಎರಡು ನಿಮಿಷ ಕುರುಡರಾಗುತ್ತಿದ್ದೆವು. ಸಿರಿಲಣ್ಣ ಕುಂಡದ ಮಣ್ಣಿಗೆ ಕೈಯ ಹಿಂಭಾಗ ಒತ್ತಿ ನೀರು ಬೇಕೋ ಬೇಡವೋ ಹೇಳುತ್ತಿದ್ದರು. ನನ್ನ ಹತ್ತಿರ ತೇವ ಅಳೆಯುವ ಮೀಟರ್ ಇತ್ತು. ಇಬ್ಬರದೂ ತಾಳೆಯಾಗದಿದ್ದಾಗ ಹೆಚ್ಚಿನ ಸಲ ಅವರದೇ ಸರಿಯಾಗಿರುತ್ತಿತ್ತು ಎಂದು ನನ್ನ ನೆನಪು. ಆ ಮೀಟರಿನ ನೋಟ್‌ಬುಕ್ ಈಗ ನನ್ನ ಬಳಿ ಇಲ್ಲ. ಪಾಪಪ್ರಜ್ಞೆಯಿಂದ ನಾನು ಅವರ ಅಂಕವನ್ನು ಹೆಚ್ಚಿಸಿರಲೂಬಹುದು.

ಅವರ ಹೆಂಡತಿ ಜುಲಿಯಾನಾ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸಹಾಯಕಿ. ಮದುವೆಯಾದ ಮೇಲೆ ಹನ್ನೊಂದು ವರ್ಷ ಆಕೆ ಇಲ್ಲಿ, ಇವರು ಮಸ್ಕತ್ತಿನ ಪಾರ್ಕುಗಳಲ್ಲಿ. ವರ್ಷಕ್ಕೊಮ್ಮೆ ಊರಿನಲ್ಲಿ ಒಂದು ತಿಂಗಳು, ಅದೂ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದರೆ. ನಮ್ಮ ಕಂಪನಿಯ ವೀಸಾ ಸಿಕ್ಕ ಮೇಲಷ್ಟೇ ಸಿರಿಲಣ್ಣ ಅಬುಧಾಬಿಗೆ ಬಂದದ್ದು. ಎರಡು ವರ್ಷದಿಂದ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡದ ಒಂದು ಫ್ಲ್ಯಾಟಿನಲ್ಲಿ, ಪ್ಲೈವುಡ್ ಗೋಡೆಯ ಒಂದು ಪಾರ್ಟಿಷನ್ ಕೋಣೆ ಅವರ ಸಂಸಾರ. ಒಂದು ಶುಕ್ರವಾರ ನನ್ನನ್ನು ಊಟಕ್ಕೆ ಕರೆದಿದ್ದರು. ಕೂರಲು ಮಂಚ ಬಿಟ್ಟರೆ ಬೇರೆ ಜಾಗವಿಲ್ಲ.

"ಇದು ನಮ್ಮ ಬಂಗ್ಲೆ," ಎಂದರು ಸಿರಿಲಣ್ಣ. "ಆ ಕಡೆ ಗೋಡೆಯವನು ಸೀನಿದ್ರೆ ನಾವು ಗಾಡ್ ಬ್ಲೆಸ್ ಯೂ ಹೇಳುದು."

"ಹೇಳುದು ಮಾತ್ರ ಅಲ್ಲ, ಜಂಡು ಬಾಮ್ ಸಹಾ ಕೊಡುದು," ಎಂದರು ಜುಲಿಯಾನಾ, ನನ್ನ ತಟ್ಟೆಗೆ ಇನ್ನೊಂದು ಬಂಗುಡೆ ಹಾಕುತ್ತ. "ತಿನ್ನಿ ಸರ್. ನಿಮ್ಮ ಮೈಸೂರಿನವರು ಮೀನಿನ ಮುಳ್ಳಿಗೂ ಹೆದರುದಾ?"

ಮಕ್ಕಳಿರಲಿಲ್ಲ. ನಾನು ಕೇಳಲಿಲ್ಲ, ಅವರೇ ಹೇಳಿದರು. "ಈಗ ಒಟ್ಟಿಗೆ ಇದ್ದೇವಲ್ಲ, ಡಾಕ್ಟ್ರು ಇನ್ನೂ ಬಾಗಿಲು ಹಾಕ್ಲಿಲ್ಲ," ಎಂದರು ಜುಲಿಯಾನಾ. ಸಿರಿಲಣ್ಣ ತಲೆ ಬಗ್ಗಿಸಿ ಅನ್ನ ಕಲಸಿದರು. ಇದು ಖಾತ್ರಿ. ಇಂಥದ್ದನ್ನು ನಾನು ಕಲ್ಪಿಸಿಕೊಳ್ಳಲಾರೆ.

ರಂಜಾನ್ ಶುರುವಾದ ಮೇಲೆ ಸಂಜೆ ಉಪವಾಸ ಬಿಟ್ಟ ಕುಟುಂಬಗಳು ಲಾಬಿಗೆ ಬರತೊಡಗಿದವು. ಗಿಡ ನೀಲಿಗೆ ತಿರುಗುತ್ತಿದ್ದ ದಿನಗಳು ಅವು. ಹಾಗೆ ಬಂದವರಲ್ಲಿ ಒಂದು ಮಗು ಹಗ್ಗದ ಬೇಲಿಯೊಳಗೆ ಕೈ ಚಾಚಿ ಹೂವನ್ನು ಹಿಡಿದು ಅತ್ತಿತಂತೆ. ನಾನು ಅಲ್ಲಿರಲಿಲ್ಲ. ರಕ್ತ ಬಂದಿರಲಿಲ್ಲ, ಗೆರೆ ಕೂಡ ಮೂಡಿರಲಿಲ್ಲ ಎಂದು ಕಾವಲಿನವನು ಹೇಳಿದ. ಮಗು ಹೆದರಿ ಅತ್ತಿರಬೇಕು, ಅಥವಾ ಚಳಿಗೆ. ಮರುದಿನ ಹೋಟೆಲಿನಿಂದ ಕಂಪನಿಗೆ ಮೇಲ್ ಬಂತು, ಕಂಪನಿಯಿಂದ ನನಗೆ ಬಂತು. ಅದರ ಒಂದೇ ಸಾಲು: ಗಿಡಗಳನ್ನು ಅತಿಥಿಗಳಿಗೆ ಸುರಕ್ಷಿತವಾಗಿಸಿ.

ಸುರಕ್ಷಿತ! ಬೇಲಿಯನ್ನು ಎರಡಡಿ ಹಿಂದಕ್ಕೆ ಎಳೆದಿದ್ದರೆ ಸಾಕಿತ್ತು. ಒಂದು ಫಲಕ ಹಾಕಿದ್ದರೆ ಸಾಕಿತ್ತು. ಮುಟ್ಟಿ ನೋಡಿ, ಮೆತ್ತಗಿದೆ ಎಂದು ಮಕ್ಕಳಿಗೆ ತೋರಿಸಿದ್ದರೆ ಅದೊಂದು ಆಟವೇ ಆಗುತ್ತಿತ್ತು. ನಾವು ಮಾಡಿದ್ದು, ನಾಲ್ಕು ನೂರು ಗಿಡಗಳ ಮುಳ್ಳನ್ನು ಒಂದೊಂದಾಗಿ ಕತ್ತರಿಸಿದ್ದು.

ಆ ಆದೇಶ ಎಲ್ಲಿ ಹುಟ್ಟಿತು ಎನ್ನುವಲ್ಲಿ ನನ್ನ ನೆನಪು ಕೈಕೊಡುತ್ತದೆ. ಒಂದು ನೆನಪಿನಲ್ಲಿ ನಾನು ಹೋಟೆಲಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿದ್ದೇನೆ, ಫೋನಿನಲ್ಲಿ ದಿನೇಶ್: "ಕಟ್ ಮಾಡ್ಸು ಗುರೂ. ಮುಳ್ಳು ಹೋದ್ರೆ ಕಂಪ್ಲೇಂಟೂ ಹೋಗತ್ತೆ." ಇನ್ನೊಂದರಲ್ಲಿ ನಾವಿಬ್ಬರೂ ಅವನ ಕಾರಿನಲ್ಲಿ ದುಬೈಯಿಂದ ಬರುತ್ತಿದ್ದೇವೆ, ಅದೇ ಮಾತು, ಅದೇ ಧಾಟಿ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಮೂರನೆಯದೊಂದಿದೆ. ಅದರಲ್ಲಿ ದಿನೇಶ್ "ಏನಾದ್ರೂ ಮಾಡಪ್ಪಾ, ನೀನೇ ಎಕ್ಸ್‌ಪರ್ಟು" ಎನ್ನುತ್ತಾನೆ, "ಕತ್ತರಿಸಿದರೆ?" ಎನ್ನುವವನು ನಾನು. ಅದನ್ನು ನಾನು ಹೆಚ್ಚು ಹೊತ್ತು ನೋಡುತ್ತಿರಲಿಲ್ಲ. ಎಷ್ಟೋ ವರ್ಷ ಮೊದಲನೆಯದನ್ನೇ ಹಿಡಿದುಕೊಂಡು ದಿನೇಶನನ್ನು ಮನಸ್ಸಿನಲ್ಲೇ ಹೊಡೆಯುತ್ತ ಬಂದೆ. ಅವನು ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ಪರಿಸರದ ಬಗ್ಗೆ ಭಾಷಣ ಮಾಡುತ್ತಾನೆ. ಹೊಡೆಯಲು ಕಾರಣಗಳಿಗೇನೂ ಕೊರತೆಯಿಲ್ಲ.

ಹಮ್ದಾನ್ ಸ್ಟ್ರೀಟಿನ ಅಂಗಡಿಯಲ್ಲಿ ನಾಲ್ಕು ಮೀಸೆ ಕತ್ತರಿ ಕೊಂಡವನು ನಾನು. ಇದು ಖಾತ್ರಿ.

ಸಿರಿಲಣ್ಣ ಕತ್ತರಿಯನ್ನು ಕೈಯಲ್ಲಿ ಹಿಡಿದು ನೋಡಿದರು. "ಎಂತಕ್ಕೆ ಸರ್ ಇದು? ಇದು ಮುಳ್ಳೇ ಅಲ್ಲ, ಮುಟ್ಟಿ ನೋಡಿ." ನನ್ನ ಕೈ ಹಿಡಿದು ಹೂವಿನ ಮೇಲೆ ಇಟ್ಟರು. "ಇದನ್ನು ತೆಗೆದ್ರೆ ಮತ್ತೆ ಗಿಡದಲ್ಲಿ ಎಂತ ಉಳೀತದೆ? ಕೋಳಿಯ ಪುಕ್ಕ ತೆಗೆದ ಹಾಗೆ ಆಗ್ತದೆ."

"ತುದಿ ಮಾತ್ರ ಸಿರಿಲಣ್ಣ."

"ತುದಿ ಕತ್ತರಿಸಿದ್ರೆ ಅಂಚು ಸುಡ್ತದೆ. ನಿಮ್ಗೆ ಗೊತ್ತಿಲ್ಲದ್ದಾ?"

ಗೊತ್ತಿತ್ತು. ಗಾಯವಾದ ಅಂಚು ಕಂದುತ್ತದೆ ಎನ್ನುವುದು ಮೊದಲ ವರ್ಷದ ಪಾಠ. ಆದರೂ "ಆರ್ಡರ್ ಆಗಿದೆ" ಎಂದೆ. ಸಿರಿಲಣ್ಣನೂ ಸೇರಿ ನಾಲ್ವರು ತೋಟಗಾರರು ಜಾಕೆಟ್ ತೊಟ್ಟು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದು ಮುಳ್ಳನ್ನೂ ಕತ್ತರಿಸಿದರು. ಕ್ಷೌರದಂಗಡಿಯ ಸದ್ದು. ನೆಲದ ಮೇಲೆ ನೀಲಿ ತುಣುಕುಗಳ ರಾಶಿ. ಗಾಜಿನಾಚೆ ಅತಿಥಿಗಳು ನಿಂತು ಫೋಟೊ ತೆಗೆದುಕೊಂಡರು. ಸಾವಿರಾರು ಮೈಲು ದೂರದಿಂದ ಗಿಡ ತರಿಸಿ, ಅದಕ್ಕಾಗಿ ಒಂದು ಚಳಿಗಾಲವನ್ನೇ ತಯಾರಿಸಿ, ಆ ಗಿಡ ಯಾವುದರಿಂದ ಆ ಗಿಡವಾಗಿತ್ತೋ ಅದನ್ನೇ ಕಸದ ಚೀಲಕ್ಕೆ ತುಂಬಿಸಿದೆವು. ಇವತ್ತಿಗೂ ಅದನ್ನು ನೆನೆದರೆ ಹಲ್ಲು ಕಚ್ಚುತ್ತೇನೆ.

ನಾಲ್ಕನೆಯ ದಿನ ಅಂಚುಗಳು ಕಂದಿದವು. ಒಂದು ವಾರದಲ್ಲಿ ಇಡೀ ಹುಲ್ಲುಗಾವಲು ಚಹಾ ಚೆಲ್ಲಿದ ಬಟ್ಟೆಯಂತಾಯಿತು. ಈದ್ ಹಬ್ಬದ ಜನಸಂದಣಿ ಎದುರಿಗೇ ಇತ್ತು. ಹೋಟೆಲಿನವರು ಕಿರುಚಿದರು: ನಾವು ಸುರಕ್ಷಿತವಾಗಿಸಿ ಎಂದೆವು, ಹಾಳು ಮಾಡಿ ಎಂದೆವಾ? ಕಂಪನಿ ದಾಖಲೆ ಹುಡುಕಿತು. ಇಂಗ್ಲಿಷಿನಲ್ಲಿ ಕತ್ತರಿಸಿ ಎಂದು ಎಲ್ಲೂ ಇರಲಿಲ್ಲ. ಕನ್ನಡದಲ್ಲಿ ಹೇಳಿದ್ದಕ್ಕೆ ಕಾಗದ ಎಲ್ಲಿಂದ ಬರಬೇಕು? ಕತ್ತರಿ ಹಿಡಿದಿದ್ದವರು ಸಿರಿಲಣ್ಣ.

ಸಿಲಿಕಾನ್ ಓಯಸಿಸ್‌ನ ಕಚೇರಿಯಲ್ಲಿ ವಿಚಾರಣೆ. ಎಚ್.ಆರ್.ನ ಹೆಂಗಸು, ಮಲಯಾಳಿ, ಕೆಟ್ಟವರಲ್ಲ. ಮೇಜಿನ ಆಚೆ ಅವರು ಮತ್ತು ದಿನೇಶ್, ಈಚೆ ನಾನು ಮತ್ತು ಸಿರಿಲಣ್ಣ. ಆ ಹೆಂಗಸು ಸ್ಪಷ್ಟವಾಗಿಯೇ ಹೇಳಿದರು: ಮೇಲಿನವರ ಸೂಚನೆ ಇತ್ತು ಎಂದಾದರೆ ಈತನ ತಪ್ಪಿಲ್ಲ, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಸುತ್ತೇನೆ. ಸೂಚನೆಯಿಲ್ಲದೆ ಗ್ರಾಹಕರ ಗಿಡ ಹಾಳು ಮಾಡಿದ್ದೆಂದಾದರೆ ಕೆಲಸದಿಂದ ತೆಗೆಯಲೇಬೇಕು, ವೀಸಾ ರದ್ದು.

ದಿನೇಶ್ ತಾನು ಅಂಥದ್ದೇನೂ ಹೇಳಿಲ್ಲ ಎಂದ. ಸಿರಿಲಣ್ಣ, "ಆಫೀಸಿಂದ ಹೇಳಿದ್ರು" ಎಂದರು. ಆಫೀಸಿನಿಂದ ಯಾರು ಎಂದು ಕೇಳಿದಾಗ ಸುಮ್ಮನೆ ಕೂತರು. ಎಲ್ಲರೂ ನನ್ನ ಕಡೆ ತಿರುಗಿದರು. ಕತ್ತರಿಸಲು ಯಾರಾದರೂ ಹೇಳಿದ್ದು ನಿಮಗೆ ನೆನಪಿದೆಯೇ ಎಂದು ಎಚ್.ಆರ್.ನವರು ನನ್ನನ್ನು ಕೇಳಿದರು.

ನನ್ನದೂ ಅದೇ ಕಂಪನಿಯ ವೀಸಾ. ನಾನು ಗಂಟಲು ಸರಿಮಾಡಿಕೊಂಡು, ಮನುಷ್ಯನ ನೆನಪು ನಂಬಲರ್ಹವಲ್ಲ, ಯಾರು ಯಾವ ಶಬ್ದ ಬಳಸಿದರು ಎಂದು ಖಚಿತವಾಗಿ ಹೇಳಲಾರೆ ಎಂದೆ. ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದೆ. ಸೆಮಿನಾರಿನಲ್ಲಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಕತ್ತರಿ ಕೊಂಡದ್ದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಕ್ಷಣ ನನಗೆ ನಿಜಕ್ಕೂ ನೆನಪಿರಲಿಲ್ಲವೇ, ಇದ್ದೂ ಮುಚ್ಚಿಟ್ಟೆನೇ? ಎಷ್ಟು ಸಲ ತಿರುಗಿ ಹೋಗಿ ನೋಡಿದರೂ ಅಲ್ಲಿ ಕೂತಿರುವ ಆ ಇಪ್ಪತ್ತೇಳರ ಹುಡುಗನ ತಲೆಯೊಳಗೆ ಇಣುಕಲಾಗುತ್ತಿಲ್ಲ. ಅವನ ಕಪಾಳಕ್ಕೆ ಹೊಡೆಯಬೇಕು ಎನ್ನಿಸುತ್ತದೆ, ಅಷ್ಟೇ.

ಹೊರಗೆ ಬಂದಾಗ ಸಿರಿಲಣ್ಣ "ಖಲಾಸ್" ಎಂದರು. ನನ್ನನ್ನು ನೋಡಿ ಹೇಳಲಿಲ್ಲ, ಲಿಫ್ಟಿನ ಬಾಗಿಲಿಗೆ ಹೇಳಿದರು.

ಹದಿನೈದು ದಿನಗಳಲ್ಲಿ ಅವರು ಊರಿಗೆ ಹೋದರು. ಆಮೇಲೊಂದು ಸಂಜೆ ಜುಲಿಯಾನಾ ನನ್ನನ್ನು ಎಲೆಕ್ಟ್ರಾ ಸ್ಟ್ರೀಟಿನ ಬಸ್ ನಿಲ್ದಾಣದ ಹತ್ತಿರ ಹಿಡಿದರು. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತಾಡಿದರು.

"ಗಿಡದ ಲ್ಯಾಟಿನ್ ಹೆಸ್ರು ಪಟಪಟ ಹೇಳ್ತೀರಿ. ಎರಡು ವಾರದ ಹಿಂದೆ ಆದದ್ದು ಆಫೀಸಿನಲ್ಲಿ ಕೇಳಿದ್ರೆ ನೆನಪಿರುದಿಲ್ಲ ಅಲ್ವಾ?"

"ಜುಲಿಯಾನಕ್ಕಾ, ನಾನು ಸುಳ್ಳು ಹೇಳಲಿಲ್ಲ..."

"ಅಕ್ಕ ಎಲ್ಲ ಬೇಡ. ನಂಗೆ ನಲ್ವತ್ತಾಯ್ತು ಸರ್. ಅವರಿಗೆ ಇನ್ನು ಇಲ್ಲಿಗೆ ವೀಸಾ ಸಿಗುದಿಲ್ಲ. ನಾನು ಕೆಲ್ಸ ಬಿಟ್ಟು ಹೋದ್ರೆ ಅಲ್ಲಿ ಇಬ್ರಿಗೂ ಕೆಲ್ಸ ಇಲ್ಲ. ಎಂತ ಮಾಡ್ಬೇಕು ಹೇಳಿ ನೋಡುವಾ, ನೀವು ಕಲ್ತವರಲ್ವಾ?"

ಬಸ್ ಬಂತು, ಅವರು ಹತ್ತಿದರು. ಆಮೇಲೆ ಆ ರಸ್ತೆಯಲ್ಲಿ ಎರಡು ಮೂರು ಸಲ ದೂರದಿಂದ ಕಂಡೆ, ಪ್ರತಿ ಸಲವೂ ರಸ್ತೆ ದಾಟಿದೆ. ಐದು ವರ್ಷ ಒಬ್ಬರೇ ದುಡಿದು ಕೊನೆಗೆ ಊರಿಗೆ ಹೋದರೆಂದು ಕೇಳಿದೆ.

ಸೂಪರ್‌ಮಾರ್ಕೆಟ್ಟಿನಿಂದ ಬಂದ ಮರುದಿನ, ಫೋನಿನಲ್ಲಿ 'ಸಿರಿಲ್ ಗಾರ್ಡನ್' ಎಂದು ಉಳಿದಿದ್ದ ಕಿನ್ನಿಗೋಳಿಯ ನಂಬರನ್ನು ಒತ್ತಿದೆ. ಇಷ್ಟು ವರ್ಷ ಒತ್ತಿರಲಿಲ್ಲ. ಅವರೇ ಎತ್ತಿದರು, ಧ್ವನಿ ಕೇಳಿಯೇ ಗುರುತಿಸಿದರು. ಊರಿನ ನರ್ಸರಿಯೊಂದರಲ್ಲಿ ಕಸಿ ಕಟ್ಟುತ್ತಿದ್ದಾರಂತೆ. ಮದುವೆಯಾಯ್ತಾ, ಮಕ್ಕಳೆಷ್ಟು ಎಂದು ಕೇಳಿದರು. ಮಗಳೊಬ್ಬಳು ಎಂದೆ. "ಒಳ್ಳೇದಾಯ್ತು" ಎಂದರು. ನಾನು ತಿರುಗಿ ಕೇಳಲಿಲ್ಲ.

ದಿನೇಶನ ಮಾತೆತ್ತಿದೆ. ಅವನೇ ಕತ್ತರಿಸಲು ಹೇಳಿದ್ದು, ನಾನು ನಿಮಗೆ ದಾಟಿಸಿದ್ದು, ಅದನ್ನು ಆವತ್ತು ಹೇಳಬೇಕಿತ್ತು ಎಂದು ಶುರುಮಾಡಿದೆ. ಅವರು ನಡುವೆಯೇ ತಡೆದರು.

"ಇಲ್ಲ ಸರ್. ಅವರ ಹೆಸ್ರು ನೀವು ಎತ್ತಲೇ ಇಲ್ಲ."

"ನಾನು ಆರ್ಡರ್ ಅಂದೆನಲ್ಲ?"

"ಅದು ಮತ್ತೆ, ನಾನು ಬೇಡ ಹೇಳಿದ ಮೇಲೆ. ಮೊದ್ಲು ನೀವು ಖುಷಿಯಲ್ಲಿ ಬಂದ್ರಿ. ಒಂದು ಹೂ ನೀವೇ ಕತ್ತರಿಸಿ ತೋರಿಸಿದ್ರಿ. ಹೀಗೆ ಮಾಡಿದ್ರೆ ಗಿಡವೂ ಉಳೀತದೆ, ಕಂಪ್ಲೇಂಟೂ ಇಲ್ಲ, ನಾನೇ ಯೋಚ್ನೆ ಮಾಡಿದ್ದು ಸಿರಿಲಣ್ಣ ಅಂತ ಹೇಳಿದ್ರಿ. ಅದು ನನಗೆ ಸರಿಯಾಗಿ ನೆನಪುಂಟು."

ಆ ಹೂ ಕತ್ತರಿಸಿದ ನೆನಪು ನನಗೆ ಇಲ್ಲವೇ ಇಲ್ಲ. ಎಲ್ಲೂ ಇಲ್ಲ. "ಹಾಗಿದ್ದರೆ ವಿಚಾರಣೆಯಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದೆ. ನನ್ನ ಧ್ವನಿ ಜಗಳದ ಧ್ವನಿಯಾಗಿತ್ತು. ಅಷ್ಟು ವರ್ಷ ಇನ್ನೊಬ್ಬನ ಮೇಲಿಟ್ಟಿದ್ದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಆ ಮುದುಕನ ಮೇಲೆಯೇ ಹರಿಯುತ್ತಿತ್ತು.

"ನೀವು ಪಕ್ಕದಲ್ಲೇ ಕೂತಿದ್ರಲ್ಲ ಸರ್. ನೀವೇ ಹೇಳ್ತೀರಿ ಅಂತ ನಾನು ಕಾದೆ."

ಅವರೇ ಮುಂದುವರಿಸಿದರು. "ನನಗೆ ಈಗ ಎಂತದೂ ಇಲ್ಲ. ಇವಳಿಗೆ ಸಿಟ್ಟುಂಟು. ಇಲ್ಲೇ ಇದ್ದಾಳೆ. ಫೋನ್ ಕೊಡ್ಲಾ?"

ಬೇಡ ಎನ್ನಲು ಒಳ್ಳೆಯ ಕಾರಣಗಳು ಹೊಳೆದವು. ಕೊಡಿ ಎಂದೆ.

ಫೋನು ಕೈ ಬದಲಾದ ಸದ್ದು. ಆಮೇಲೆ ಜುಲಿಯಾನಾ ಅವರ ಉಸಿರು.

"ಕತ್ತರಿಸಿ ಅಂತ ಹೇಳಿದ್ದು ನಾನು," ಎಂದೆ. ಪುರಾವೆ ಸಿರಿಲಣ್ಣನ ಮಾತು ಮಾತ್ರ, ನನ್ನ ಬಳಿ ಬೇರೇನೂ ಇರಲಿಲ್ಲ.

"ಗೊತ್ತುಂಟು," ಎಂದರು ಅವರು. "ಮುಂದೆ ಹೇಳಿ."